ಕಂಡದ್ದನ್ನಷ್ಟೇ ಬರೆದೆ, ಅತ್ತೆ

ಅತ್ತೆಯವರಿಗೆ,

ನಿಮ್ಮ ಸೊಸೆ ಶೈಲಾ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲಿ ನಾವೆಲ್ಲ ಆರಾಮ ಇದ್ದೇವೆ ಅಂತ ಬರೆಯುವುದು ರೂಢಿ. ಬರೆದಿದ್ದೇನೆ ಅಂದುಕೊಳ್ಳಿ. ವಡೋದರಾದಲ್ಲಿ ಬಿಸಿಲು ಶುರುವಾಗಿದೆ. ನಿಮ್ಮ ಕುರ್ಚಿ ಬಾಲ್ಕನಿಯ ಬಾಗಿಲ ಹತ್ತಿರವೇ ಇದೆ, ಒಗೆದ ಬಟ್ಟೆ ಮಡಚುವ ತನಕ ಅದರ ಮೇಲೇ ಬಿದ್ದಿರುತ್ತದೆ. ನೀವು ಹೋಗಿ ಹನ್ನೊಂದು ತಿಂಗಳಾಯಿತು. ಮೊನ್ನೆಯ ತನಕ ನಾನು ಅತ್ತಿರಲಿಲ್ಲ. ಮಂದಿ ಬಂದಾಗ ಕಣ್ಣಿಗೆ ಸೆರಗು ಹಚ್ಚಿಕೊಂಡೆ, ಹಚ್ಚಿಕೊಳ್ಳಬೇಕಲ್ಲ ಅಂತ. ಒಳಗೆ ಏನೂ ಇರಲಿಲ್ಲ. ಇದನ್ನು ನಿಮ್ಮನ್ನು ಬಿಟ್ಟು ಇನ್ಯಾರಿಗೆ ಹೇಳಲಿ?

ಆ ಕಾಲೇಜಿನ ಅರ್ಜಿ ತಂದು ಫ್ರಿಜ್ಜಿನ ಮೇಲಿಟ್ಟು ನಾನು ಮರೆತವಳ ಹಾಗೆ ಓಡಾಡಿದ್ದು ನಿಮಗೆ ಗೊತ್ತಾಗಿತ್ತು, ಅಲ್ಲವೇ? ಅಲ್ಕಾಪುರಿಯ ಡೇ ಕೇರ್‌ನಲ್ಲಿ ಆಗಲೇ ನನಗೆ ಹನ್ನೆರಡು ವರ್ಷವಾಗಿತ್ತು. ಆಫೀಸಿಗೆ ಹೋಗುವ ತಾಯಂದಿರ ಮೂವತ್ತು ಮಕ್ಕಳು, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ. ಆ ವರ್ಷ ಹೊಸ ನಿಯಮ ಬಂತು. ಶಿಶುಪಾಲನೆಯಲ್ಲಿ ಡಿಗ್ರಿ ಇದ್ದವರು ಟೀಚರ್, ಇಲ್ಲದವರು ಸಹಾಯಕಿ. ಎಳೆಗೂಸಿನ ಕುತ್ತಿಗೆಗೆ ಹೇಗೆ ಕೈ ಕೊಡಬೇಕು ಅಂತ ನಾನೇ ಕಲಿಸಿದ ಹುಡುಗಿ, "ಶೈಲಾಬೆನ್, ಆ ಮಗುವನ್ನು ತೊಳೆದುಕೊಂಡು ಬನ್ನಿ" ಎಂದು ನನಗೆ ಹೇಳತೊಡಗಿದಳು. ನಲವತ್ತೊಂದಕ್ಕೆ ಕಾಲೇಜು ಅಂದರೆ ಜನ ನಗುತ್ತಾರೆ ಅಂದೆ ನಾನು. ನೀವು ಹೀರೆಕಾಯಿ ಹೆರೆಯುತ್ತಿದ್ದಿರಿ. ತಲೆ ಎತ್ತಲಿಲ್ಲ.

"ನಗೋರ ಮನ್ಯಾಗ ನೀ ಅಡಗಿ ಮಾಡಾಕ ಹೊಂಟಿಯೇನು? ಹನ್ನೆರಡ ವರ್ಷ ಮಂದಿ ಮಕ್ಕಳ ಕುಂಡಿ ತೊಳದಾಕಿಗೆ ಬರಂಗಿಲ್ಲಂತ, ಪುಸ್ತಕ ಓದಿದಾಕಿಗೆ ಬರ್ತೈತಂತ. ಹಂಗಾರ ನೀನೂ ಓದಿ ಬಿಡು, ತಗಿ."

ಮರುದಿನ ಆ ಅರ್ಜಿ ನನ್ನ ಡಬ್ಬಿಯ ಚೀಲದೊಳಗಿತ್ತು. ಎಣ್ಣೆ ಹತ್ತಬಾರದು ಅಂತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಿರಿ. ನಮಗೆ ಮಕ್ಕಳಾಗದ ಬಗ್ಗೆ ಇಪ್ಪತ್ತು ವರ್ಷದಲ್ಲಿ ನೀವು ಒಂದು ಮಾತು ಎತ್ತಿದವರಲ್ಲ. ಕೆಳಗಿನ ಮನೆಯ ಹೆಂಗಸು ಕೆದಕಿ ಕೇಳಿದಾಗ ಮಾತ್ರ, ನಿಮ್ಮ ಆ ಹರಕುಮುರುಕು ಹಿಂದಿಯಲ್ಲಿ, "ತೀಸ್ ಬಚ್ಚೇ ಹೈ", ಮೂವತ್ತು ಮಕ್ಕಳಿದ್ದಾರೆ, ಅಂದು ಮೆಟ್ಟಿಲು ಹತ್ತಿದ್ದಿರಿ. ಆಕೆ ಮತ್ತೆ ಕೇಳಲಿಲ್ಲ.

ಮೊದಲನೇ ಭಾನುವಾರ ನೆನಪಾಗುತ್ತದೆ. ವಾರವೆಲ್ಲ ಡ್ಯೂಟಿ, ಭಾನುವಾರ ಅಹಮದಾಬಾದಿನ ಮಣಿನಗರದಲ್ಲಿ ಕ್ಲಾಸು. ಆರಕ್ಕೆ ಮೊದಲೇ ಗಾಡಿ. ನಿಮ್ಮ ಮಗನನ್ನು ಬ್ಯಾಂಕಿನವರು ಸೂರತ್ತಿನ ಉಧ್ನಾಕ್ಕೆ ವರ್ಗ ಮಾಡಿ ಆಗಲೇ ಎರಡು ವರ್ಷ, ಅವರು ವಾರಕ್ಕೊಮ್ಮೆ ಬರುವ ನೆಂಟರಾಗಿದ್ದರು. ಮನೆಯಲ್ಲಿ ನಾವಿಬ್ಬರೇ. ನಾಲ್ಕೂವರೆಗೆ ನಾನು ಕಣ್ಣು ಬಿಟ್ಟರೆ ಅಡಿಗೆಮನೆಯಲ್ಲಿ ದೀಪ. ನೀವು ಚಹಾ ಕುದಿಸಿ, ಚಪಾತಿಯೊಳಗೆ ಗುರೆಳ್ಳು ಚಟ್ನಿ ಹಚ್ಚಿ ಸುತ್ತಿ ಇಟ್ಟಾಗಿತ್ತು. ಸೊಸೆಗೆ ಅತ್ತೆ ಚಹಾ ಮಾಡಿಕೊಟ್ಟರೆ ಊರಲ್ಲಿ ಏನಂತಾರೆ ಅಂದೆ. "ಊರು ಎಲ್ಲೈತಿ ಇಲ್ಲಿ? ಗದಗಕ್ಕ ಕೇಳಸ್ತೈತೇನು?" ಅಂದಿರಿ. ಆ ಮೂರು ವರ್ಷ ನಾನು ಭಾನುವಾರದ ಚಹಾ ಮಾಡಿದ್ದೇ ಇಲ್ಲ.

ಹಂಸಾಬೆನ್ ನಮಗೆ ಮಕ್ಕಳನ್ನು ನೋಡುವುದು ಹೇಗೆ ಅಂತ ಕಲಿಸಿದ ದಿನ ನಾನು ಮನೆಗೆ ಬಂದು ನಿಮ್ಮ ಮುಂದೆ ಕೂಗಾಡಿದ್ದೆ. ಅವರು ನಮ್ಮ ಭಾನುವಾರದ ಮೇಡಂ, ಅರವತ್ತು ದಾಟಿದವರು, ಬಲು ಕಟ್ಟುನಿಟ್ಟು. ಪ್ರತಿಯೊಬ್ಬರೂ ಒಂದು ಮಗುವನ್ನು ಆರು ತಿಂಗಳು ನೋಡಿ ದಾಖಲೆ ಬರೆಯಬೇಕು. ಹಾಳೆಯಲ್ಲಿ ಮೂರು ಕಾಲಂ: ಸಮಯ, ಕಂಡದ್ದು, ನೀವು ಮಾಡಿದ್ದು. ಎರಡನೇ ಕಾಲಂನಲ್ಲಿ ಕೈ, ಕಾಲು, ಕಣ್ಣು, ದನಿ ಇಷ್ಟೇ ಬರಬೇಕು. ಸಿಟ್ಟು, ಖುಷಿ, ಬೇಸರ ಯಾವುದೂ ಬರಕೂಡದು, ಅವೆಲ್ಲ ನಿಮ್ಮ ಊಹೆ ಅಂದರು. ನಾನು ನಮ್ಮ ಡೇ ಕೇರ್‌ನ ಧ್ವನಿ ಎಂಬ ಹನ್ನೊಂದು ತಿಂಗಳ ಕೂಸನ್ನು ಆರಿಸಿಕೊಂಡಿದ್ದೆ. ಮೊದಲ ಹಾಳೆಯಲ್ಲೇ ಹಟಮಾರಿ ಅಂತ ಬರೆದೆ. ಮೇಡಂ ಕೆಂಪು ಪೆನ್ನಿನಲ್ಲಿ ಅದಕ್ಕೆ ಗೆರೆ ಎಳೆದು, ಹಟ ನಿನಗೆ ಎಲ್ಲಿ ಕಾಣಿಸಿತು, ತೋರಿಸು, ಅಂತ ಎಲ್ಲರ ಎದುರು ಕೇಳಿದರು. ನಿಮಗೆ ಹೇಳಿದರೆ ನೀವು ಬಾಯಿಗೆ ಸೆರಗು ಒತ್ತಿ ನಕ್ಕಿರಿ. "ನಿಮ್ಮ ಮೇಡಂ ನನ್ನ ಮಗನ್ನ ನೋಡಿಲ್ಲ ಹಂಗಾರ. ಹಟ ಅಂವನ ಮೂಗಿನ ಮ್ಯಾಲೇ ಕುಂತಿರ್ತೈತಿ."

ದಾಖಲೆಯನ್ನು ಹಿಂದಿಯಲ್ಲಿ ಒಪ್ಪಿಸಬೇಕಿತ್ತು. ಆದರೆ ನನಗೆ ಕಾಣಿಸುವುದು ಕನ್ನಡದಲ್ಲೇ, ಹಾಗಾಗಿ ಮೊದಲು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅದನ್ನು ಓದುತ್ತಿದ್ದವರು ನೀವೊಬ್ಬರೇ. ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ. ಧ್ವನಿ ಆರು ಸಲ ಚಮಚ ಕೆಳಗೆ ಬೀಳಿಸಿದಳು, ಆರು ಸಲವೂ ಬಾಗಿಲ ಕಡೆ ನೋಡಿದಳು ಅಂತ ಬರೆದಿದ್ದೆ. ನೀವು ಓದಿ ನಿಲ್ಲಿಸಿದಿರಿ. "ಚಮಚ ಒಗದ್ರ ಯಾರರ ಬರ್ತಾರೇನಂತ ನೋಡಾಕತ್ತೈತವ್ವ ಕೂಸು. ಅದರವ್ವ ಹೊಸದಾಗಿ ಕೆಲಸಕ್ಕ ಹೊಂಟಾಳೇನು?" ಹೌದು, ಅದೇ ವಾರ ಸೇರಿದ್ದಳು. ಅದನ್ನು ನಾನು ಬರೆದೇ ಇರಲಿಲ್ಲ. ನಿಮಗೆ ಹೇಗೆ ತಿಳಿಯಿತು? ನಾಲ್ಕನೇ ಇಯತ್ತೆ ಓದಿದವರು ನೀವು. ನಾನು ಮಾತ್ರ ಊಹೆ ಮಾಡಬಾರದು ಅಂತ ನನ್ನ ತಲೆಗೆ ಬೀಗ ಹಾಕುವುದನ್ನು ಕಲಿಯುತ್ತಿದ್ದೆ. ಮತ್ತು ಚೆನ್ನಾಗಿ ಕಲಿತೆ, ಅತ್ತೆ. ಎರಡನೇ ವರ್ಷದ ಕೊನೆಗೆ ಇಡೀ ಕ್ಲಾಸಿನಲ್ಲಿ ನನ್ನ ಹಾಳೆಗಳೇ ಎಲ್ಲಕ್ಕಿಂತ ಚೊಕ್ಕ.

ಮೂರನೇ ವರ್ಷ ಮೇಡಂ, ಮನೆಯಲ್ಲಿ ಯಾರಿದ್ದರೆ ಅವರನ್ನು ದಿನಕ್ಕೆ ಹತ್ತು ನಿಮಿಷ ನೋಡಿ ಬರೆಯಿರಿ, ಕಣ್ಣು ಪಳಗಬೇಕು, ಅಂದರು. ಮನೆಯಲ್ಲಿದ್ದವರು ನೀವು. ಬೆಳಗಿನ ಚಹಾದ ಹೊತ್ತು ನಾನು ಎದುರು ಕುಳಿತು ಬರೆಯುವುದು, ನೀವು ಫೋಟೋಕ್ಕೆ ಕುಳಿತವರ ಹಾಗೆ ಸೆರಗು ಸರಿ ಮಾಡಿಕೊಳ್ಳುವುದು. ಹಾಳೆಯ ಮೇಲೆ ಮಗುವಿನ ವಯಸ್ಸು ಅಂತ ಅಚ್ಚಾಗಿತ್ತು. "ಬರಿ, ಎಪ್ಪತ್ತೊಂದ. ಹಲ್ಲು ಬಂದು ಹೋಗ್ಯಾವು ಅಂತನೂ ಬರಿ" ಅಂದಿರಿ. ಎರಡು ನಿಮಿಷಕ್ಕೊಮ್ಮೆ, ಏನ ಬರದಿ, ಏನ ಬರದಿ ಅಂತ ಕೇಳುತ್ತಿದ್ದಿರಿ. ಮಾತಾಡಬಾರದು ಅತ್ತಿ, ಮಾತಾಡಿದರೆ ಅದನ್ನೂ ಬರೆಯಬೇಕಾಗುತ್ತದೆ, ಅಂತ ನಾನು ಗದರುತ್ತಿದ್ದೆ. ಗದರಿದ ಮೇಲೆ ಸುಮ್ಮನಿರಲು ಕಲಿತಿರಿ.

ಆ ಭಾನುವಾರ ನಾನು ಕ್ಲಾಸಿನಲ್ಲಿ ಒಂದು ಹಾಳೆ ಓದಿ ತೋರಿಸಬೇಕಿತ್ತು, ಮಾರ್ಕಿಗೆ. ಐದಕ್ಕೆ ಸೀರೆ ಉಟ್ಟು ನಿಮ್ಮ ಎದುರು ಕುಳಿತೆ. ಬರೆದದ್ದು ಹಾಗೆಯೇ ಹೇಳುತ್ತೇನೆ, ಬಾಯಿಪಾಠವಾಗಿದೆ. ಐದು ಐದು: ಚಹಾದ ಲೋಟವನ್ನು ಎಡಗೈಯಿಂದ ಎತ್ತಿಕೊಂಡರು, ಬಲಗೈ ತೊಡೆಯ ಮೇಲಿದೆ. ಐದು ಎಂಟು: ಚಹಾ ಬಾಯಿಯ ಬಲಮೂಲೆಯಿಂದ ಸೋರಿತು, ಒರೆಸಿಕೊಳ್ಳಲಿಲ್ಲ. ಐದು ಹತ್ತು: ನನ್ನ ಕಡೆ ನೋಡಿದರು, ಬಾಯಿ ತೆರೆದರು, ಮಾತಾಡಲಿಲ್ಲ. ಐದು ಹನ್ನೆರಡು: ಲೋಟ ಕೆಳಗಿಟ್ಟರು, ವಾಲಿತು. ಇಷ್ಟು ಬರೆದು ನಾನು ಹಾಳೆ ನೋಡಿದೆ. ಒಂದೇ ಒಂದು ಊಹೆ ಇರಲಿಲ್ಲ. ಅತ್ತೆ, ನನಗೆ ಖುಷಿಯಾಯಿತು. ಎಷ್ಟು ಚೆನ್ನಾಗಿ ಬಂತು, ಇವತ್ತು ಮೇಡಂ ಏನೂ ಗೆರೆ ಎಳೆಯುವುದಿಲ್ಲ ಅಂತ ಖುಷಿಯಾಯಿತು. ಮೂರನೇ ಕಾಲಂ ಖಾಲಿ ಬಿಟ್ಟೆ. ಏನು ಮಾಡಿದೆ ಅಂತ ಬರೆಯಲಿ?

ಹಾಳೆಯಲ್ಲಿ ಇಲ್ಲದ್ದು ಇನ್ನೊಂದಿದೆ. ಕೆಳಗೆ ರಿಕ್ಷಾದವನು ಹಾರ್ನ್ ಹೊಡೆದ. ನಾನು ಎದ್ದೆ. ನೀವು ಎಡಗೈ ಚಾಚಿ ನನ್ನ ಸೆರಗು ಹಿಡಿದಿರಿ. ಗಟ್ಟಿಯಾಗಿಯೇ ಹಿಡಿದಿರಿ. ನಾನು ನಿಮ್ಮ ಬೆರಳು ಒಂದೊಂದಾಗಿ ಬಿಡಿಸಿ, "ಬರ್ತೀನ್ರಿ ಅತ್ತಿ, ಗಾಡಿ ತಪ್ತೈತಿ" ಅಂದು ಹೊರಟೆ. ಬಾಗಿಲು ಎಳೆದುಕೊಂಡೆ. ಮೆಟ್ಟಿಲಿಳಿಯುವಾಗ ಏನು ಯೋಚಿಸುತ್ತಿದ್ದೆ ಅಂತ ಎಷ್ಟು ನೆನಪು ಮಾಡಿಕೊಂಡರೂ...

ಹತ್ತು ಗಂಟೆಗೆ ನನ್ನ ಸರದಿ ಬಂತು. ಎದ್ದು ನಿಂತು ಹಿಂದಿಗೆ ಮಾಡಿಕೊಳ್ಳುತ್ತಾ ಓದಿದೆ. ನಿಧಾನವಾಗಿ, ತಪ್ಪಿಲ್ಲದೆ. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿಸಿದಾಗ ಯಾರೂ ಮಾತಾಡಲಿಲ್ಲ, ಮೆಚ್ಚಿಕೊಂಡರು ಅಂದುಕೊಂಡೆ. ಹಿಂದಿನ ಬೆಂಚಿನಲ್ಲಿ ರೇಖಾಬೆನ್ ಅಂತ ಒಬ್ಬರಿದ್ದರು, ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವವರು. ಅವರು ಎದ್ದು, ಇದು ಇವತ್ತು ಬೆಳಗಿನದೇ ಅಂತ ಕೇಳಿದರು: "ಶೈಲಾಬೆನ್, ಯೇ ಆಜ್ ಸುಬಹ್ ಕಾ ಹೈ? ಇನ್ಕೋ ತೋ ಲಕ್ವಾ ಹುವಾ ಹೈ." ಲಕ್ವ. ಪಾರ್ಶ್ವವಾಯುವಿಗೆ ನಮ್ಮ ಊರಲ್ಲೂ ಅದೇ ಹೆಸರು. ನನ್ನ ಕೈಯಲ್ಲಿ ಹಾಳೆ ಇತ್ತು, ಇನ್ನೊಂದು ಸಲ ನೋಡಿದೆ. ಎಲ್ಲ ಬರೆದಿತ್ತು, ನಿಮಿಷ ಸಮೇತ.

ನಿಮ್ಮ ಮಗನಿಗೆ ಫೋನ್ ಮಾಡಿದೆ. ಆ ಶನಿವಾರ ಕೆಲಸವಿದ್ದು ಅವರು ಭಾನುವಾರ ಬೆಳಿಗ್ಗೆ ಸೂರತ್ತಿನಿಂದ ಹೊರಟಿದ್ದರು, ಹತ್ತರ ಹೊತ್ತಿಗೆ ಮನೆ ಮುಟ್ಟುವವರು. ಫೋನ್ ಎತ್ತಿದರು. ಅವರು ಹಲೋ ಅನ್ನುವ ಮೊದಲೇ ನಾನು, "ಅತ್ತಿ ಬಲಗೈ ಎತ್ತಾರೇನ್ರಿ?" ಅಂದೆ. ಈಗಷ್ಟೇ ಬಂದೆ, ಅವ್ವ ಕುರ್ಚಿಯ ಕೆಳಗೆ ಬಿದ್ದಾಳೆ, ಆಂಬುಲೆನ್ಸಿಗೆ ಹೇಳಿದ್ದೇನೆ, ಬಾ, ಅಂದರು.

ನಾನು ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ. ಡಾಕ್ಟರು ನನ್ನ ಎದುರೇ ನಿಮ್ಮ ಮಗನನ್ನು ಇನ್ನೊಮ್ಮೆ ಕೇಳಿದರು, ಇದು ಶುರುವಾದದ್ದು ಯಾವಾಗ, ಯಾರಾದರೂ ನೋಡಿದ್ದಾರೆಯೇ ಅಂತ. ಬೇಗ ತಂದಿದ್ದರೆ ಕೊಡುವ ಒಂದು ಇಂಜೆಕ್ಷನ್ ಇತ್ತಂತೆ. ನಿಮ್ಮ ಮಗ, "ಗೊತ್ತಿಲ್ಲ ಸರ್, ನಾನು ಹತ್ತಕ್ಕೆ ಬಂದೆ, ಆಗಲೇ ಹೀಗಿತ್ತು" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆಗಲಲ್ಲಿ ಚೀಲ, ಚೀಲದಲ್ಲಿ ನೋಟುಬುಕ್ಕು. ಬಾಯಿ ಬಿಡಲಿಲ್ಲ. ಒಂಬತ್ತು ದಿನ ನೀವಿದ್ದಿರಿ. ಒಂಬತ್ತು ದಿನವೂ ನಿಮ್ಮ ಕಣ್ಣು ನನ್ನ ಹಿಂದೆ ಓಡಾಡಿತು. ಅದು ಕೇಳುತ್ತಿತ್ತೋ, ಬೈಯುತ್ತಿತ್ತೋ, ಸುಮ್ಮನೆ ನೋಡುತ್ತಿತ್ತೋ ನನಗೆ ತಿಳಿಯಲಿಲ್ಲ. ಊಹೆ ಮಾಡಲು ಧೈರ್ಯ ಬರಲಿಲ್ಲ ಅಂದರೂ ಸರಿಯೇ.

ನೀವು ಹೋದ ಹದಿನಾಲ್ಕನೇ ದಿನ ಡ್ಯೂಟಿಗೆ ಹೋದೆ. ಇಷ್ಟು ಬೇಗ ಯಾಕೆ ಅಂದರು. ಮನೆಯಲ್ಲಿ ಏನು ಮಾಡಲಿ ಅಂದೆ. ಆಮೇಲೆ ಎಲ್ಲವೂ ಅದರ ಪಾಡಿಗೆ ನಡೆಯಿತು. ಬಾಟಲಿ ಕುದಿಸಿದೆ, ಮಲಗಿಸಿದೆ, ಎಬ್ಬಿಸಿದೆ. ಧ್ವನಿ ಒಂಟಿಕಾಲಿನಲ್ಲಿ ಕುಪ್ಪಳಿಸಲು ಕಲಿತಳು, ನಾಲ್ಕು ಹೆಜ್ಜೆ ನನ್ನ ಕಡೆಗೇ ಬಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕೈಗೆ ಬಿಸಿ ತಾಗಿದರೆ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು. ಭಾನುವಾರದ ಕ್ಲಾಸೂ ಬಿಡಲಿಲ್ಲ. ನಿಮ್ಮ ನೆನಪಿಗೆ ಅಂತ ಜನ ಅಂದುಕೊಂಡರು. ಇಲ್ಲ. ಬಿಡಬೇಕು ಅಂದರೆ ಬಿಡುತ್ತೇನೆ ಅಂತ ತೀರ್ಮಾನ ಮಾಡಬೇಕಲ್ಲ, ಅದಕ್ಕೂ ಶಕ್ತಿ ಇರಲಿಲ್ಲ. ನಿಮ್ಮ ಮಗ ಮಾತ್ರ ಈಗ ಶನಿವಾರವೇ ಬಂದುಬಿಡುತ್ತಾರೆ. ಭಾನುವಾರ ಅವರೇ ಎದ್ದು ಚಹಾ ಮಾಡಿ, ಸ್ಕೂಟರಿನಲ್ಲಿ ಸ್ಟೇಶನ್ನಿಗೆ ಬಿಡುತ್ತಾರೆ. ದಾರಿಯಲ್ಲಿ ಮಾತಿಲ್ಲ. ಅವರಿಗೂ ದುಃಖ, ಇರಲಿ, ಅಂದುಕೊಂಡಿದ್ದೆ.

ಕೊನೆಯ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದಿದ್ದರು. ಧ್ವನಿಯ ದಾಖಲೆಯನ್ನು ಹಾಳೆ ಹಾಳೆಯಾಗಿ ತಿರುವಿ, ಈ ಮೂರರಲ್ಲಿ ಮುಖ್ಯವಾದ ಕಾಲಂ ಯಾವುದು ಅಂತ ಕೇಳಿದರು. ಎರಡನೆಯದು ಅನ್ನುವುದು ಪಾಠದ ಉತ್ತರ. ನಾನು ಮೂರನೆಯದು ಅಂದೆ. ಯಾಕೆ ಅಂದರು. ಕಂಡವರು ಏನಾದರೂ ಮಾಡಬೇಕು, ಇಲ್ಲದಿದ್ದರೆ ಕಾಣುವುದು ಯಾತಕ್ಕೆ, ಅಂದೆ. ಅವರು ಮೆಚ್ಚಿ ತಲೆಯಾಡಿಸಿ ಏನೋ ಬರೆದುಕೊಂಡರು. ಹಂಸಾಬೆನ್ ಮೇಜಿನ ಆ ತುದಿಯಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದರು. ಆ ಭಾನುವಾರದ ಹಾಳೆಗೆ ಅವರು ಮಾರ್ಕು ಹಾಕಲೇ ಇಲ್ಲ, ನಾನೂ ಕೇಳಲಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಕಳೆದ ಭಾನುವಾರ ಫಲಿತಾಂಶ ಬಂತು. ಪಾಸಾಗಿದ್ದೇನೆ, ಅತ್ತೆ. ಫಸ್ಟ್ ಕ್ಲಾಸ್. ಮುಂದಿನ ತಿಂಗಳಿಂದ ಟೀಚರ್ ಅಂತ ಬರೆಯುತ್ತಾರಂತೆ. ನಿಮ್ಮ ಮಗ ಮೊಬೈಲಿನಲ್ಲಿ ನೋಡಿ ಗದಗಕ್ಕೆ ನಿಮ್ಮ ತಂಗಿಗೆ ಫೋನ್ ಹಚ್ಚಿದರು. "ಹೌದ ಚಿಗವ್ವ, ನಮ್ಮವ್ವ ಹಟ ಹಿಡದು ಓದ್ಸಿದ್ಲು. ಅಕಿ ಇರಬೇಕಾಗಿತ್ತು" ಅನ್ನುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆ ಆರಿಸಿ ಹೊರಗೆ ಬಂದು, ಅವರು ಫೋನ್ ಇಡುವ ತನಕ ನಿಂತೆ. ಆಮೇಲೆ ಹೇಳಿದೆ. ಐದು ಐದರಿಂದ ಐದು ಹನ್ನೆರಡರ ತನಕ. ಖುಷಿಯಾದದ್ದನ್ನೂ ಹೇಳಿದೆ. ಸೆರಗು ಹಿಡಿದದ್ದು, ನಾನು ಬೆರಳು ಬಿಡಿಸಿದ್ದು, ಅದನ್ನೂ. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು, ಒಣಗಿ ಬಿಗಿಯುತ್ತಿತ್ತು.

"ಸೆರಗಿಂದು ಗೊತ್ತಿರಲಿಲ್ಲ" ಅಂದರು. "ಉಳದದ್ದು ಗೊತ್ತಿತ್ತು."

ಹೇಗೆ ಅಂದೆ.

"ಫೋನಿನ್ಯಾಗ ನಾ ಏನೂ ಹೇಳಿರಲಿಲ್ಲ. ಬಲಗೈ ಅಂತ ನೀನ ಕೇಳಿದಿ."

ಹನ್ನೊಂದು ತಿಂಗಳು. ಡಾಕ್ಟರ ಮುಂದೆ ಗೊತ್ತಿಲ್ಲ ಅಂದದ್ದು ಗೊತ್ತಿದ್ದೇ. ಪ್ರತಿ ಭಾನುವಾರ ಸ್ಕೂಟರ್ ಓಡಿಸಿದ್ದೂ ಗೊತ್ತಿದ್ದೇ. ಯಾಕೆ ಕೇಳಲಿಲ್ಲ ಅಂದೆ. "ಕೇಳಿದ್ರ ನೀ ಕಾಲೇಜ ಬಿಡ್ತಿದ್ದಿ. ಅವ್ವಗ ಅದು ಸೇರ್ತಿರಲಿಲ್ಲ. ಪಾಸ್ ಆಗ್ಲಿ ಅಂತ ತಡದೆ." ದನಿ ಏರಿಸದೆ ಹೇಳಿದರು. "ಸಿಟ್ಟ ಬಂದಿಲ್ಲ ಅಂತ ತಿಳಕೋಬ್ಯಾಡ. ಬಂದೈತಿ. ಇನ್ನೂ ಐತಿ. ಎಷ್ಟ ದಿನ ಇರ್ತೈತಿ, ನನಗ ಗೊತ್ತಿಲ್ಲ."

ಆಗ ಅತ್ತೆ, ನನಗೆ ಅಳು ಬಂತು. ನೀವು ಹೋದ ಮೇಲೆ ಮೊದಲ ಸಲ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ಧ್ವನಿಯ ಹಾಗೆ ಬಾಯಿ ತೆರೆದು ಅತ್ತುಬಿಟ್ಟೆ. ಅವರು ಎದ್ದು ಬರಲಿಲ್ಲ, ಸಮಾಧಾನ ಮಾಡಲಿಲ್ಲ. ಹೊರಗೂ ಹೋಗಲಿಲ್ಲ. ಅಲ್ಲೇ ಕುಳಿತಿದ್ದರು.

ಇವತ್ತು ಬುಧವಾರ. ಅವರು ಉಧ್ನಾಕ್ಕೆ ವಾಪಸು ಹೋಗಿಲ್ಲ, ರಜೆ ಹಾಕಿದ್ದಾರೆ. ಮಾತಾಡುತ್ತಿಲ್ಲ. ಬಡಿಸಿದರೆ ಉಣ್ಣುತ್ತಾರೆ. ನಿನ್ನೆ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಅವರ ಕಣ್ಣು ನನ್ನ ಬೆನ್ನಿಗೆ ತಾಗಿತು. ತಿರುಗಿ ನೋಡಿದೆ. ಅವರು ಏನೋ ಹೇಳಲು ಬಾಯಿ ತೆರೆದು, ಬಿಟ್ಟರು. ನಾನು ಚಪ್ಪಲಿ ಕಳಚಿಟ್ಟು ಒಳಗೆ ಬಂದು ಎದುರು ಕುಳಿತೆ. ಡೇ ಕೇರ್‌ಗೆ ಬರುವುದಿಲ್ಲ ಅಂತ ಫೋನ್ ಮಾಡಿದೆ. ಮಾತು ಬರುವ ತನಕ ಕುಳಿತಿರುತ್ತೇನೆ. ಅದು ಎಂಥ ಮಾತಾದರೂ ಸರಿ. ಈ ಸಲ ಎದ್ದು ಹೋಗುವುದಿಲ್ಲ, ಅತ್ತೆ.

ನಿಮ್ಮ
ಶೈಲಾ